ಚಡಪಡಿಸುವ ಬಾಯಿಗೆ ಯಾವ ಕಡಿವಾಣ?

ರೇಸ್‌ಕೋರ್ಸಿನಿಂದ ನಿವೃತ್ತಿ ಪಡೆದು ಬೆಂಗಳೂರು, ಮೈಸೂರಿನ ಸುತ್ತಲಿನ ಸವಾರಿ ಶಾಲೆಗಳಿಗೆ ಬರುವ ಥರೋಬ್ರೆಡ್ ಕುದುರೆಗಳ ಮೇಲೆ ಸವಾರರ ದೂರು ಹೆಚ್ಚುಕಮ್ಮಿ ಒಂದೇ: ಬಾಯಿ ಸರಿಯಿಲ್ಲ. ಸೈಸ್ ಕಡಿವಾಣ ಹಿಡಿದು ಹತ್ತಿರ ಬರುತ್ತಲೇ ಕುದುರೆ ತಲೆ ಮೇಲೆತ್ತಿ ಹಲ್ಲು ಬಿಗಿಹಿಡಿಯುತ್ತದೆ. ಹೇಗೋ ತೊಡಿಸಿದರೆ ಕಟಕಟನೆ ಅಗಿಯಲು ಶುರು. ನಾಲಗೆಯನ್ನು ಹಿಂದಕ್ಕೆಳೆದುಕೊಂಡು ಕಡಿವಾಣದ ಕಂಬಿಯ ಮೇಲಕ್ಕೆ ದಾಟಿಸಿಬಿಡುತ್ತದೆ. ಲಗಾಮು ತುಸು ಬಿಗಿಯಾದರೆ ತಲೆ ಕೊಡವುತ್ತದೆ. ಇದಕ್ಕೆ ಕುದುರೆಯನ್ನು ದೂರಿ ಪ್ರಯೋಜನವಿಲ್ಲ. ರೇಸಿನಲ್ಲಿ ಅದು ಕಲಿತದ್ದೇ ಕಡಿವಾಣಕ್ಕೆ ಭಾರ ಕೊಟ್ಟು ಮುನ್ನುಗ್ಗುವುದನ್ನು. ಅದೇ ಎಳೆತಕ್ಕೆ ಇನ್ನು ಮುಂದೆ ‘ನಿಧಾನ’ ಎಂಬ ಅರ್ಥ ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಇಂಥ ಕುದುರೆಗೆ ಏನು ಮಾಡಬೇಕು ಎಂದು ಕೇಳಿದರೆ ಬಲ್ಲವರು ಎರಡು ಪಂಗಡವಾಗುತ್ತಾರೆ. ಸರಿಯಾದ ಕಡಿವಾಣ ಎಲ್ಲೋ ಇದೆ, ಹುಡುಕಬೇಕು ಎನ್ನುವವರು ಒಂದು ಕಡೆ. ಬಾಯೊಳಗೆ ಲೋಹವೇ ಬೇಡ ಎನ್ನುವವರು ಇನ್ನೊಂದು ಕಡೆ.

ಮೊದಲನೆಯವರ ವಾದ ಹಳೆಯದು. ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಸಿನ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಬರೆದಾಗಲೇ, ಸವಾರನ ಬಳಿ ನುಣುಪಾದದ್ದೊಂದು, ಒರಟಾದದ್ದೊಂದು, ಹೀಗೆ ಎರಡಾದರೂ ಕಡಿವಾಣ ಇರಲಿ ಎಂದಿದ್ದ. ಇಂದು ಆಯ್ಕೆ ಅಷ್ಟಕ್ಕೆ ನಿಂತಿಲ್ಲ. ಸಾಮಾನ್ಯವಾದ ಸ್ನ್ಯಾಫಲ್‌ಗೆ ನಡುವೆ ಒಂದೇ ಕೀಲು. ಎರಡೂ ಲಗಾಮು ಒಟ್ಟಿಗೆ ಎಳೆದರೆ ಅದು ಅಡಕತ್ತರಿಯ ಹಾಗೆ ಮಡಚಿಕೊಂಡು ನಾಲಗೆಯನ್ನು ಅದುಮುತ್ತದೆ. ಎರಡು ಕೀಲಿನ ನಡುವೆ ಪುಟ್ಟ ಗುಂಡು ತುಣುಕಿದ್ದರೆ ಒತ್ತಡ ಹಂಚಿಹೋಗುತ್ತದೆ. ಕೀಲೇ ಇಲ್ಲದೆ ತುಸು ಬಾಗಿದ ಕಂಬಿ ಬಾಯಲ್ಲಿ ಅಲುಗಾಡುವುದಿಲ್ಲ. ಸದಾ ಅಗಿಯುವ ಕುದುರೆಗಳಲ್ಲಿ ಕೆಲವು ಇದರಿಂದಲೇ ಸುಮ್ಮನಾಗುತ್ತವೆ. ಸ್ಟೀಲಿನ ಬದಲು ತಾಮ್ರ ಬೆರೆತ ಲೋಹವನ್ನೋ ರಬ್ಬರನ್ನೋ ಒಪ್ಪುವ ಕುದುರೆಗಳೂ ಇವೆ. ಅಳತೆಯ ಮಾತು ಬೇರೆ. ತುಟಿಯ ಎರಡೂ ಬದಿ ಸುಮಾರು ಅರ್ಧ ಸೆಂಟಿಮೀಟರ್ ಉಳಿಯದಿದ್ದರೆ ಚರ್ಮ ಚಿವುಟುತ್ತದೆ, ಹೆಚ್ಚು ಉಳಿದರೆ ಕಂಬಿ ಅತ್ತಿತ್ತ ಜಾರುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಕುದುರೆಯ ವರ್ತನೆಯೇ ಬದಲಾಗುವುದುಂಟು. ಹಾಗಾಗಿ ಈ ಪಂಗಡದ ಮಾತನ್ನು ಬರೀ ಅಂಗಡಿಯವರ ವ್ಯಾಪಾರ ಎಂದು ತಳ್ಳಿಹಾಕಲಾಗದು.

ಆದರೆ ಇವರಲ್ಲೇ ಬೇರೂರಿದ ಒಂದು ನಂಬಿಕೆಯನ್ನು ಅನುಮಾನಿಸಲೇಬೇಕು: ಕಂಬಿ ದಪ್ಪವಿದ್ದಷ್ಟೂ ಮೃದು ಎಂಬುದು. ಸಂಶೋಧಕಿ ಹಿಲರಿ ಕ್ಲೇಟನ್ 1984ರಲ್ಲಿ ಎಕ್ಸ್‌ರೇ ಚಿತ್ರೀಕರಣದ ಮೂಲಕ ಕಡಿವಾಣ ಬಾಯೊಳಗೆ ಹೇಗೆ ಕೂರುತ್ತದೆಂದು ತೋರಿಸಿದರು. ಬಾಯಿ ಮುಚ್ಚಿದಾಗ ನಾಲಗೆಯೇ ಒಳಗನ್ನೆಲ್ಲ ತುಂಬಿಕೊಂಡಿರುತ್ತದೆ. ಕಂಬಿಗೆಂದು ಖಾಲಿ ಜಾಗವೇನೂ ಇಲ್ಲ, ಅದು ನಾಲಗೆಯೊಳಕ್ಕೆ ಹೂತು ಕೂರಬೇಕು. ದಪ್ಪ ನಾಲಗೆ, ತಗ್ಗು ಅಂಗುಳದ ಥರೋಬ್ರೆಡ್ಡಿಗೆ ದಪ್ಪ ರಬ್ಬರ್ ಕಡಿವಾಣ ತುರುಕಿ ‘ಎಷ್ಟು ಮೃದುವಾದದ್ದು ಕೊಟ್ಟರೂ ಬೇಡ ಅನ್ನುತ್ತೆ’ ಎಂದರೆ, ಪಾಪ, ಅದೇನು ಮಾಡೀತು?

ಎರಡೂ ಪಂಗಡಕ್ಕೆ ಮುಂಚೆ ಮಾತಾಡಬೇಕಾದವರು ಪಶುವೈದ್ಯರು. ಕುದುರೆಯ ಹಲ್ಲು ವರ್ಷಗಟ್ಟಲೆ ಮೇಲೇರುತ್ತಲೇ ಇರುತ್ತವೆ. ಸವೆತ ಸಮವಾಗಿರದ ಕಾರಣ ಮೇಲಿನ ದವಡೆಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಬ್ಲೇಡಿನಂತಾಗುತ್ತವೆ. ಮೂಗುಪಟ್ಟಿ ಬಿಗಿದಾಗ ಕೆನ್ನೆಯ ಒಳಚರ್ಮ ಹೋಗಿ ತಾಗುವುದು ಅದಕ್ಕೇ. ದವಡೆಹಲ್ಲಿನ ಸಾಲಿನ ಮುಂದೆ ಕೆಲವು ಕುದುರೆಗಳಿಗೆ ಇರುವ ವುಲ್ಫ್ ಟೂತ್ ಎಂಬ ಪುಟಾಣಿ ಹಲ್ಲಿಗೆ ಕಂಬಿ ಬಡಿಯುತ್ತಿರಬಹುದು. ಸುಮಾರು ಎರಡೂವರೆಯಿಂದ ಐದು ವರ್ಷದವರೆಗೆ ಹಾಲುಹಲ್ಲು ಉದುರುವ ಕಾಲ. ರೇಸಿನ ಕುದುರೆಗೆ ಕಡಿವಾಣ ಬಿದ್ದು ಕೆಲಸ ಶುರುವಾಗುವುದು ಅದಕ್ಕೂ ಮೊದಲೇ. ಟಾರ್ಚ್ ಹಿಡಿದು, ನಾಲಗೆ ಪಕ್ಕಕ್ಕೆ ಸರಿಸಿ ಬಾಯೊಳಗೆ ನೋಡದೆ ಹೊಸ ಕಡಿವಾಣ ಕೊಳ್ಳುವುದು ದುಡ್ಡು ದಂಡ. ಹಲ್ಲು ತೀಡಿಸಿದ ವಾರದೊಳಗೆ ಹಳೆಯ ಸ್ನ್ಯಾಫಲ್ಲನ್ನೇ ಒಪ್ಪಿಕೊಂಡ ಕುದುರೆಗಳು ಲಾಯಕ್ಕೊಂದಾದರೂ ಸಿಗುತ್ತವೆ.

ಈಗ ಎರಡನೆಯವರು. ಇವರ ಗಟ್ಟಿ ದನಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಪಶುವೈದ್ಯ ರಾಬರ್ಟ್ ಕುಕ್ ಅವರದು. ಅವರೂ ಮೆಲ್ ಕಿಬ್ಲರ್ ಅವರೂ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 66 ಕುದುರೆಗಳಿದ್ದವು. ಕಡಿವಾಣವಿದ್ದಾಗ ನೋವಿನ ಲಕ್ಷಣಗಳ ಮಧ್ಯಾಂಕ 23, ತೆಗೆದ ಮೇಲೆ 2. ಅದೇ ವರ್ಷ ಫಿನ್‌ಲೆಂಡಿನಲ್ಲಿ ಗಾಡಿ ಎಳೆಯುತ್ತ ಓಡುವ 261 ಟ್ರಾಟರ್ ಕುದುರೆಗಳ ಬಾಯನ್ನು ಓಟ ಮುಗಿದೊಡನೆ ಪರೀಕ್ಷಿಸಿದವರಿಗೆ ಶೇಕಡಾ 84ರಲ್ಲಿ ಕಡಿವಾಣ ತಾಗುವ ಜಾಗದಲ್ಲಿ ಹೊಸ ಗಾಯ ಸಿಕ್ಕಿತು. ಹೊರಗೆ ರಕ್ತ ಕಂಡಿದ್ದು ಮಾತ್ರ ಬೆರಳೆಣಿಕೆಯಷ್ಟರಲ್ಲಿ. ‘ನನ್ನ ಕುದುರೆಗೆ ಏನೂ ಆಗಿಲ್ಲ’ ಎನ್ನುವವರು ಈ ಕೊನೆಯ ಮಾತನ್ನು ಗಮನಿಸಬೇಕು.

ಕುಕ್ ಅವರ ಅಂಕಿಗಳನ್ನು ಹಾಗೆಯೇ ನುಂಗಲೂ ಬಾರದು. ಅವರ ಹೆಸರಿನಲ್ಲೇ ಕಡಿವಾಣರಹಿತ ತಲೆಕಟ್ಟು ಮಾರಾಟದಲ್ಲಿತ್ತು. ಲಕ್ಷಣಗಳನ್ನು ಗುರುತಿಸಿದವರು ಕಡಿವಾಣ ಬಿಡಲು ತಾವೇ ಮುಂದೆ ಬಂದ ಮಾಲೀಕರು. ಫಿನ್‌ಲೆಂಡಿನದು ಪೂರ್ಣ ವೇಗದ ರೇಸ್, ಸವಾರಿ ಶಾಲೆಯ ಅಂಗಳವಲ್ಲ. ಲೋಹ ತೆಗೆದ ಮಾತ್ರಕ್ಕೆ ಹಿಂಸೆ ತಪ್ಪುವುದೂ ಇಲ್ಲ. ಉದ್ದ ಹಿಡಿಯ ಹ್ಯಾಕಮೋರ್ ಎಂಬ ಕಡಿವಾಣರಹಿತ ತಲೆಕಟ್ಟು ಸನ್ನೆಯ ಬಲದಿಂದ ಮೂಗನ್ನು ಅದುಮುತ್ತದೆ, ಅಲ್ಲಿ ತುದಿಗೆ ಹೋದಷ್ಟೂ ಮೂಳೆ ತೆಳು. ಬಿರುಸು ಕೈಯವನ ಹಿಡಿತದಲ್ಲಿ ಅದು ಮೆದು ಕೈಯವನ ಸ್ನ್ಯಾಫಲ್‌ಗಿಂತ ಕೆಟ್ಟದ್ದು. ಬಾಯಿ ಚಡಪಡಿಸುವ ಕುದುರೆಗೆ ಹ್ಯಾಕಮೋರ್ ಅಲ್ಲ, ಬರೀ ಮೂಗಿನ ಪಕ್ಕದಿಂದ ಎಳೆಯುವ ಸರಳ ಸೈಡ್‌ಪುಲ್ ಮೊದಲ ಪ್ರಯತ್ನವಾಗಲಿ.

ಕಡಿವಾಣವಿಲ್ಲದೆ ಕುದುರೆ ನಿಲ್ಲುತ್ತದೆಯೇ ಎಂಬ ಭಯ ಸಹಜ. ನಿಜ ಹೇಳಬೇಕೆಂದರೆ ಬೆದರಿ ಓಡುವ ನಾನೂರೈವತ್ತು ಕಿಲೋದ ಪ್ರಾಣಿಯನ್ನು ಯಾವ ಲೋಹವೂ ಬಲದಿಂದ ನಿಲ್ಲಿಸದು. ನೋವು ಅದನ್ನು ಇನ್ನಷ್ಟು ಓಡಿಸುವುದೂ ಉಂಟು. ಮುಳ್ಳು ಕಡಿವಾಣ ಹಾಕಿದರೆ ನಿಲ್ಲುತ್ತದೆಂಬ ಮಾತು ನಮ್ಮ ಟಾಂಗಾವಾಲಾಗಳಲ್ಲೂ ಇತ್ತು. ಭಾರ ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳು ಅಂಥ ಕಡಿವಾಣವನ್ನು ನಿಷೇಧಿಸಿವೆ. ಆದರೂ ಸೂಕ್ಷ್ಮ ಸನ್ನೆಯ ವಿಷಯದಲ್ಲಿ ಕಡಿವಾಣದ ಪರ ಒಂದು ನ್ಯಾಯವಿದೆ: ಕಲಿತ ಕೈ, ಕಲಿತ ಕುದುರೆ ಕೂಡಿದರೆ ಬೆರಳ ತುದಿಯ ಮಿಡಿತವೂ ಬಾಯಿಗೆ ತಲುಪುತ್ತದೆ. ಮೂಗಿನ ಪಟ್ಟಿಯಲ್ಲಿ ಅಷ್ಟು ನಯ ಬರುವುದು ಕಷ್ಟ.

ನಾನು ಒಪ್ಪದ ಮೂರನೆಯ ದಾರಿಯೊಂದಿದೆ, ವಿಪರ್ಯಾಸವೆಂದರೆ ಹೆಚ್ಚು ಜನ ಹಿಡಿಯುವುದು ಅದನ್ನೇ. ಬಾಯಿ ತೆರೆಯದಂತೆ ಮೂಗುಪಟ್ಟಿ ಬಿಗಿಯುವುದು. ಮೂಗಿನ ಮೂಳೆಯ ಮೇಲೆ ಎರಡು ಬೆರಳು ಸಲೀಸಾಗಿ ತೂರಬೇಕೆಂಬ ಹಳೆಯ ಲೆಕ್ಕ ಎಲ್ಲರಿಗೂ ಬಾಯಿಪಾಠ. ಪಾಲಿಸುವಾಗ ಮಾತ್ರ ಬೆರಳನ್ನು ಕೆನ್ನೆಯ ಮೆತ್ತನೆ ಜಾಗದಲ್ಲಿ ತೂರಿಸಿ ‘ಸರಿಯಿದೆ’ ಎನ್ನುತ್ತಾರೆ. ಬಾಯಿ ಮುಚ್ಚಿತು, ಫೋಟೋದಲ್ಲಿ ಕುದುರೆ ಶಾಂತವಾಗಿ ಕಂಡಿತು, ಕಾರಣ ಒಳಗೇ ಉಳಿಯಿತು.

ಹಲ್ಲು ನೋಡಿಸಿಯಾದ ಮೇಲೆ ನನ್ನ ಒಲವು ಹೀಗೆ. ಕೆಲವು ವಾರ ಸೈಡ್‌ಪುಲ್‌ನಲ್ಲಿ, ಬೇಲಿಯೊಳಗೆ, ಅದೇ ಸವಾರನೊಂದಿಗೆ ನಡೆಸಿ ನೋಡುವುದು. ಚಡಪಡಿಕೆ ನಿಂತರೆ ತಕರಾರು ಲೋಹದ್ದು; ಆಗ ತೆಳ್ಳನೆಯ ಎರಡು ಕೀಲಿನದನ್ನು ಪರೀಕ್ಷಿಸಬಹುದು, ಇಲ್ಲವೇ ಹಾಗೆಯೇ ಬಿಡಬಹುದು. ತಲೆ ಕೊಡವುವುದು ಮುಂದುವರಿದರೆ ಬೆನ್ನು, ಜೀನು, ಸವಾರನ ಕೈ ನೋಡಬೇಕು. ಜಿಗಿತದ ಸ್ಪರ್ಧೆಗೆ ಹೋಗುವವರಿಗೆ ಎರಡೂ ದಾರಿ ತೆರೆದಿವೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ನಿಯಮ ಅಲ್ಲಿ ಕಡಿವಾಣರಹಿತ ಸವಾರಿಯನ್ನು ಒಪ್ಪುತ್ತದೆ. ಕುದುರೆಯ ಪಳಗಿದ ನಡೆಯನ್ನು ಅಳೆಯುವ ಡ್ರೆಸಾಜ್ ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ. ಲೋಹ ಒಲ್ಲದ ಕುದುರೆಯ ಮೇಲೆ ಡ್ರೆಸಾಜ್ ಕನಸು ಕಟ್ಟಿದವರು ಕುದುರೆಯನ್ನು ಬದಲಿಸಬೇಕೋ ಆಟವನ್ನೋ ಎಂದು ಕೊಳ್ಳುವ ಮೊದಲೇ ಯೋಚಿಸಿಕೊಳ್ಳುವುದು ಲೇಸು.