ಕೂಸಿನ ರಾತ್ರಿ ಯಾರ ಪಾಲಿಗೆ?

ಕಳೆದ ವರ್ಷ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಸ್ವಸಹಾಯ ಸಂಘದವರು ಲೆಕ್ಕದ ಪುಸ್ತಕ ನೋಡಿಕೊಡಿ ಎಂದು ನನ್ನನ್ನು ಕರೆದಿದ್ದರು. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳಿಗೆ ಲೆಕ್ಕ ಎಲ್ಲಿಂದ ಬರಬೇಕು? ಆದರೂ ಹೋದೆ. ಸಾಲದ ಪುಟಗಳಲ್ಲಿ 'ಕಾರಣ' ಎಂಬ ಕಾಲಂ ಇತ್ತು. ಕುರಿ, ಹೊಲಿಗೆ ಯಂತ್ರ, ಈರುಳ್ಳಿ ಬೀಜ, ಮೋಟಾರು ರಿಪೇರಿ. ಇವುಗಳ ನಡುವೆ ಮತ್ತೆ ಮತ್ತೆ ಬರುತ್ತಿದ್ದ ಪದ 'ಬಾಣಂತನ'. ಒಂದು ಕಡೆ ಬರೀ 'ತೊಟ್ಟಿಲು' ಎಂದಿತ್ತು. ಮರದ ತೊಟ್ಟಿಲು ಕೊಂಡಿರಬೇಕು ಎಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಅಕ್ಕ ನಕ್ಕುಬಿಟ್ಟರು. "ಮರದ್ದಕ್ಕೆ ಯಾರು ಸಾಲ ಮಾಡ್ತಾರೆ ಮೇಡಂ? ತೊಟ್ಟಿಲಿಗೆ ಹಾಕೋ ದಿನ ಬೀಗರು ಕೇಳಿದ್ದು ಅದು. ಕೂಸಿಗೆ ಬೆಳ್ಳಿ ಉಡಿದಾರ, ಅಳಿಯನಿಗೆ ಉಂಗುರ."

ಅಕ್ಕಂದಿರೇ, ವರದಕ್ಷಿಣೆಯೆಂದರೆ ನಾವು ಮದುವೆ ಚಪ್ಪರವನ್ನಷ್ಟೇ ನೆನೆಯುತ್ತೇವೆ. ಚಪ್ಪರ ಬಿಚ್ಚಿದ ಮೇಲೆ ಎರಡನೇ ಕಂತು ಶುರುವಾಗುತ್ತದೆ. ಕುಬುಸದ ಕಾರ್ಯ ತವರಿನ ಖರ್ಚು. ಹೆರಿಗೆ ಆಸ್ಪತ್ರೆ ತವರಿನ ಖರ್ಚು. ಮೂರು ತಿಂಗಳೋ ಐದು ತಿಂಗಳೋ ಬಾಣಂತಿಯ ಊಟ, ಎಣ್ಣೆ, ನೀರು, ಸೌದೆ ತವರಿನವು. ಕಳಿಸಿಕೊಡುವಾಗ ಸೀರೆ, ಪಾತ್ರೆ, ಕೂಸಿನ ಮೈಮೇಲೆ ಬೆಳ್ಳಿ ಬಂಗಾರ, ಅವೂ ತವರಿನವೇ. ಕೂಸಿಗೆ ಹೆಸರಿಡುವ ಹಕ್ಕು ಮಾತ್ರ ಗಂಡನ ಮನೆಯದು!

ಕಾನೂನು ಏನು ಹೇಳುತ್ತದೆ ಎಂದು ಕೇಳುತ್ತೀರಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಗೆ ಮುಂಚೆ, ಮದುವೆಯಲ್ಲಿ, ಆನಂತರ ಯಾವಾಗ ಕೊಟ್ಟರೂ, ಮದುವೆಯ ಸಂಬಂಧವಾಗಿ ಕೊಟ್ಟದ್ದು ವರದಕ್ಷಿಣೆಯೇ. ಆದರೆ 2001ರಲ್ಲಿ ಸತ್ವೀರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಗು ಹುಟ್ಟಿದಾಗ ವಾಡಿಕೆಯಂತೆ ಕೊಡುವುದು ಈ ಮಾತಿನೊಳಗೆ ಬರುವುದಿಲ್ಲ ಎಂದಿತು. ವಾಡಿಕೆಯಂತೆ! ವಾಡಿಕೆಯನ್ನು ಯಾರು ಕಟ್ಟಿದರು, ಅದಕ್ಕೆ ಯಾರು ಸಾಲ ತೀರಿಸುತ್ತಿದ್ದಾರೆ ಎಂದು ಆ ನ್ಯಾಯಮೂರ್ತಿಗಳು ನಮ್ಮ ಸಂಘದ ಪುಸ್ತಕ ತೆರೆದು ನೋಡಬೇಕಿತ್ತು. ಒಂದು ಮಾತು ನೆನಪಿರಲಿ. ಹಣಕ್ಕೋ ಒಡವೆಗೋ ಅಕ್ರಮವಾಗಿ ಪೀಡಿಸಿ ಸೊಸೆಗೆ ಹಿಂಸೆ ಕೊಟ್ಟರೆ ಅದು ಕ್ರೌರ್ಯ. ಮೊದಲು 498ಎ ಎಂದು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಅದಕ್ಕೆ ತೊಟ್ಟಿಲಿನ ನೆಪ ಅಡ್ಡ ಬರುವುದಿಲ್ಲ.

ಹಣದ ವಿಷಯ ಇಷ್ಟು ಸಾಕು. ನಾನು ಬರೆಯಬೇಕೆಂದು ಕೂತದ್ದು ರಾತ್ರಿಯ ವಿಷಯ.

ಹೊಳಲ್ಕೆರೆ ಕಡೆಯ ಒಬ್ಬ ಹುಡುಗಿ. ಹೆಸರು ಬೇಡ. ಅವಳ ತಾಯಿ ಸಂಘದ ಸದಸ್ಯೆ, ಮಗಳನ್ನು ಕರೆದುಕೊಂಡು ದುರ್ಗದ ನಮ್ಮ ಮನೆಗೆ ಬಂದರು. ಚೊಚ್ಚಲ ಬಾಣಂತನ ಮುಗಿಸಿ ಐದನೇ ತಿಂಗಳಲ್ಲಿ ಗಂಡನ ಮನೆಗೆ ಹೋಗಿ ಹದಿನೈದು ದಿನವಾಗಿತ್ತು. ಕೆನ್ನೆಯ ಮೇಲೆ ಬೆರಳುಗಳ ಗುರುತಿತ್ತು. ಏನು ತಪ್ಪು ಮಾಡಿದ್ದಳು? ಕೂಸು ರಾತ್ರಿ ಮೂರು ಸಲ ಎದ್ದು ಅತ್ತಿತ್ತು. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. "ಅದರ ಬಾಯಿ ಮುಚ್ಚಿಸೋಕೆ ಬರಲ್ವಾ ನಿನಗೆ?" ಎಂದು ಹೊಡೆದ. ಅತ್ತೆ ಒಳಗಿನಿಂದಲೇ, "ದುಡಿಯೋ ಗಂಡಸಿಗೆ ನಿದ್ದೆ ಬೇಡವೇನಮ್ಮ?" ಎಂದರಂತೆ.

ಬೇಕು. ಯಾರು ಬೇಡವೆಂದರು? ಹೊಟ್ಟೆ ಕೊಯ್ಸಿಕೊಂಡು ಹೆತ್ತವಳಿಗೂ ಬೇಕು. ನಸುಕಿಗೆ ಎದ್ದು ನೀರು ಹಿಡಿದು, ರೊಟ್ಟಿ ತಟ್ಟಿ, ಕೂಸಿಗೆ ಎದೆ ಕೊಟ್ಟು, ಮತ್ತೆ ಕಸ ಗುಡಿಸುವವಳ ದುಡಿಮೆಗೆ ಕೂಲಿ ಇಲ್ಲ. ಕೂಲಿ ಇಲ್ಲದ್ದರಿಂದ ಅವಳಿಗೆ ನಿದ್ದೆಯೂ ಇಲ್ಲ ಎಂಬುದು ಎಲ್ಲಿಯ ನ್ಯಾಯ?

ಆ ಹುಡುಗಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಮೇಡಂ, ನನ್ನ ಕೂಸಿನಲ್ಲೇ ಏನಾದರೂ ದೋಷ ಇದೆಯಾ?" ಅವಳನ್ನು ಅದುವರೆಗೆ ಸುತ್ತಲಿನವರು ನಂಬಿಸಿದ್ದು ಅದನ್ನೇ. ಹಾಲು ಸಾಲದು, ಹಾಲು ನೀರು, ದೃಷ್ಟಿಯಾಗಿದೆ, ಹೆಣ್ಣು ಕೂಸು ಹಟಮಾರಿ. ಒಬ್ಬೊಬ್ಬರದು ಒಂದೊಂದು ಮಾತು, ಎಲ್ಲದರ ಬೆರಳೂ ತಾಯಿಯ ಕಡೆಗೆ.

ಕೂಸಿನ ನಿದ್ದೆ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಎಂ.ಎ. ಓದಿದವಳು, ನನಗೂ ಗೊತ್ತಿರಲಿಲ್ಲ. ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಜೀರ್ಣವಾಗುತ್ತದೆ, ಎರಡು ಮೂರು ಗಂಟೆಗೊಮ್ಮೆ ಹಸಿಯುತ್ತದೆ. ಹಗಲು ಯಾವುದು ರಾತ್ರಿ ಯಾವುದು ಎಂಬ ಲೆಕ್ಕ ಅದರ ಮಿದುಳಿಗೆ ಹತ್ತುವುದೇ ಎರಡರಿಂದ ನಾಲ್ಕು ತಿಂಗಳಲ್ಲಿ. ಅಳು ಎರಡನೇ ವಾರದಿಂದ ಏರುತ್ತಾ ಹೋಗಿ ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಲಂಡನ್ನಿನ ಕೂಸಾದರೂ ಅಷ್ಟೇ, ಹೊಳಲ್ಕೆರೆಯ ಕೂಸಾದರೂ ಅಷ್ಟೇ, ಗಂಡಾದರೂ ಹೆಣ್ಣಾದರೂ ಅಷ್ಟೇ. ಐದಾರು ತಿಂಗಳ ಕೂಸು, ಕೆಲವು ಒಂದು ವರ್ಷದವರೆಗೂ, ರಾತ್ರಿ ಏಳುತ್ತವೆ. ಅದು ಹಟವಲ್ಲ, ರೋಗವಲ್ಲ. ಜ್ವರ, ಹಾಲು ಬಿಟ್ಟುಬಿಡುವುದು, ಎಬ್ಬಿಸಿದರೂ ಏಳದ ಮಂಪರು, ಉಸಿರು ಸೆಳೆತ ಇದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇದು ಗೊತ್ತಿಲ್ಲದೆ ನಾವು ಏನೇನು ಮಾಡುತ್ತೇವೆ! ಗಂಡಸರ ನಿದ್ದೆ ಕೆಡಬಾರದೆಂದು ಕೂಸಿಗೆ ಗಸಗಸೆ ಅರೆದು ನೆಕ್ಕಿಸುತ್ತೇವೆ, ಒಂದು ಹನಿ ಬ್ರಾಂದಿ ಹಾಕುತ್ತೇವೆ, ಕೆಮ್ಮಿನ ಸಿರಪ್ಪು ಕುಡಿಸುತ್ತೇವೆ. ಇವುಗಳಿಂದ ಕೂಸಿನ ಉಸಿರೇ ನಿಧಾನವಾಗಬಹುದು. ಜೇನುತುಪ್ಪವೂ ಒಂದು ವರ್ಷದೊಳಗೆ ಕೂಡದು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಕೂಸನ್ನು ಅಂಗಾತ ಮಲಗಿಸಬೇಕು, ಮುಖದ ಹತ್ತಿರ ದಿಂಬು, ದಪ್ಪ ರಗ್ಗು ಇರಬಾರದು. ಕುಡಿದು ಬಂದವರ ಪಕ್ಕದಲ್ಲಿ ಮಲಗಿಸಲೇಬಾರದು. ಅಮಲಿನಲ್ಲಿ ಹೊರಳಿದರೆ ಅವನಿಗೆ ಗೊತ್ತಾಗುವುದಿಲ್ಲ. ಸಿಟ್ಟಿನಲ್ಲಿ ಕೂಸನ್ನು ಹಿಡಿದು ಅಲುಗಾಡಿಸಿದರೆ ಒಳಗೆ ಮಿದುಳಿಗೆ ರಕ್ತ ಸುರಿದು ಸಾಯಬಹುದು, ಕಣ್ಣು ಹೋಗಬಹುದು. ಹೊರಗೆ ಗಾಯವೇ ಕಾಣದೆ ಹೋಗಬಹುದು. ಸಿಟ್ಟು ತಡೆಯಲಾಗದಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ನಿಲ್ಲುವುದು ವಾಸಿ.

ಈಗ ತವರಿನ ಬಾಣಂತನದ ಬಗ್ಗೆ ಒಂದು ಮಾತು. ಹೇಳಿದರೆ ನಿಮ್ಮಲ್ಲಿ ಹಲವರಿಗೆ ಕೋಪ ಬರಬಹುದು. ನಮ್ಮ ಹೆಣ್ಣುಮಕ್ಕಳಿಗೆ ಜೀವಮಾನದಲ್ಲಿ ಸಿಗುವ ವಿಶ್ರಾಂತಿ ಅದೊಂದೇ ಎಂಬುದನ್ನು ನಾನು ಬಲ್ಲೆ. ಅಮ್ಮ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವ ಸುಖ ಬೇರೆಲ್ಲಿದೆ? ಅದನ್ನು ತೆಗೆದುಹಾಕಿ ಎನ್ನುವುದಿಲ್ಲ. ಆದರೆ ಅದರ ನೆರಳಿನಲ್ಲಿ ಒಬ್ಬ ತಪ್ಪಿಸಿಕೊಳ್ಳುತ್ತಿದ್ದಾನೆ. ಕೂಸು ಅತಿ ಹೆಚ್ಚು ಅಳುವ ದಿನಗಳು, ತಾಯಿ ಸೋತು ಬೀಳುವ ದಿನಗಳು ತವರಿನಲ್ಲೇ ಕಳೆದುಹೋಗುತ್ತವೆ. ಅಪ್ಪ ಭಾನುವಾರ ಬೈಕಿನಲ್ಲಿ ಬಂದು, ಕೋಳಿ ಸಾರು ಉಂಡು, ಎಣ್ಣೆ ನೀರಾಗಿ ಹಾಲು ಕುಡಿದು ಮಲಗಿದ ಕೂಸನ್ನು ನೋಡಿ, ಫೋನಿನಲ್ಲಿ ಫೋಟೋ ಹಿಡಿದು ಹೋಗುತ್ತಾನೆ. ಐದನೇ ತಿಂಗಳಲ್ಲಿ ಕೂಸು ಹೊಸ ಮನೆಗೆ ಬರುತ್ತದೆ. ಹೊಸ ವಾಸನೆ, ಹೊಸ ಗೋಡೆ, ತೂಗುತ್ತಿದ್ದ ಅಜ್ಜಿ ಇಲ್ಲ. ಅಳುತ್ತದೆ. ಆಗ ಇವನಿಗೆ ಆಶ್ಚರ್ಯ! ಹೆಂಡತಿ ಏನೋ ಕೆಡಿಸಿ ತಂದಿದ್ದಾಳೆ ಎಂಬ ಗುಮಾನಿ. ಆ ಹೊಳಲ್ಕೆರೆ ಹುಡುಗಿಯ ಕೆನ್ನೆಯ ಮೇಲಿನ ಗುರುತು ಅಲ್ಲಿಂದ ಬಂದದ್ದು.

ಬೇರೆಯವರನ್ನು ಬೈಯುವ ನಾನು ನನ್ನ ಮನೆಯನ್ನು ಮುಚ್ಚಿಡಲಾರೆ. ನನ್ನ ಯಜಮಾನರು ಪ್ರಗತಿಪರರು, ವರದಕ್ಷಿಣೆ ಮುಟ್ಟಲಿಲ್ಲ. 1986ರಲ್ಲಿ ಮೊದಲ ಮಗ ಹುಟ್ಟಿದ ಮೇಲೆ ಅವರು ಹಾಸಿಗೆ ಎತ್ತಿಕೊಂಡು ನಡುಮನೆಗೆ ಹೋದರು. "ನಾಳೆ ಆಫೀಸಿದೆ" ಎಂದರು. ನನಗೂ ನಾಳೆ ಕ್ಲಾಸಿತ್ತು. ಬೆಳಿಗ್ಗೆ ಜನಪದ ಜೋಗುಳಗಳ ತಾಯ್ತನದ ಬಗ್ಗೆ ತೂಕಡಿಸುತ್ತಾ ಪಾಠ ಮಾಡಿದೆ. ಈ ವ್ಯವಸ್ಥೆ ತಪ್ಪೆಂದು ನನಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು. ನಾನು ಕೇಳಿದ ಜೋಗುಳಗಳಲ್ಲೂ ತೂಗುವ ಕೈ ತಾಯಿಯದು, ಅಜ್ಜಿಯದು.

ಕೂಸನ್ನೂ ತಾಯಿಯನ್ನೂ ಇನ್ನೂ ದೂರ ಇಡುವ ಜಾಗಗಳೂ ನಮ್ಮ ಜಿಲ್ಲೆಯಲ್ಲಿವೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಸೂತಕವೆಂದು ಬಾಣಂತಿಯನ್ನು ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುತ್ತಿದ್ದರು. ಪೂರ್ತಿ ನಿಂತಿಲ್ಲ. 2023ರ ಜುಲೈನಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆಗಾಲದ ಚಳಿಯಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ಸತ್ತಿತು. ನವಜಾತ ಕೂಸಿಗೆ ಮೈಯ ಕಾವು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಸೂತಕಕ್ಕೆ ಅದು ತಿಳಿಯುವುದಿಲ್ಲ. 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಮುಟ್ಟಾದವರನ್ನು, ಬಸುರಿಯರನ್ನು ಊರಿಂದ ಹೊರಗಿಡುವ ಆಚರಣೆ ಅದರಡಿ ಅಪರಾಧ. ಸರ್ಕಾರವೇ ಹಟ್ಟಿಗಳ ಬಳಿ ಕೃಷ್ಣಕುಟೀರಗಳನ್ನು ಕಟ್ಟಿಸಿದ್ದೂ ಉಂಟು. ಗುಡಿಸಲಿಗಿಂತ ಆರ್‌ಸಿಸಿ ಮೇಲು, ನಿಜ. ಹೊರಗೆ ಹಾಕುವುದು ಮಾತ್ರ ಹೊರಗೆ ಹಾಕುವುದೇ. ಆದರೆ ಉಳಿದ ಜಾತಿಗಳ ನಾವು ಬೀಗುವುದು ಬೇಡ. ಹನ್ನೊಂದು ದಿನ ಪುರುಡೆಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೆಂಡದ ಹೊಗೆ ಹಾಕಿ ಬಾಣಂತಿಯನ್ನು ಕೂರಿಸುವವರು ನಾವೂ ಅಲ್ಲವೇ?

ಕೂಸಿನ ಕಾವಿಗೆ ಬೇಕಾದದ್ದು ಮನುಷ್ಯರ ಎದೆ. ದಕ್ಷಿಣ ಅಮೆರಿಕದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಇಂಕ್ಯುಬೇಟರುಗಳು ಸಾಲದೆ ವೈದ್ಯರು ತೂಕ ಕಡಿಮೆಯ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಒತ್ತಿ ಕಟ್ಟಿಸಿದರು. ಅದೇ ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಂಗರೂ ಆರೈಕೆ ಎನಿಸಿಕೊಂಡಿದೆ. ಅಪ್ಪನ ಎದೆಯಾದರೂ ಆದೀತು. ಹಾಲು ಕೊಡುವುದೊಂದನ್ನು ಬಿಟ್ಟರೆ ಅಪ್ಪನಿಗೆ ಆಗದ ಕೆಲಸ ಕೂಸಿನದರಲ್ಲಿ ಯಾವುದೂ ಇಲ್ಲ. ರಾತ್ರಿ ಎತ್ತಿ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು, ಬಟ್ಟೆ ಬದಲಿಸುವುದು, ಜೋಲಿ ತೂಗುವುದು. ಇದಕ್ಕೆ ಮೀಸೆ ಅಡ್ಡ ಬರುವುದಿಲ್ಲ.

ಬೆಳವಣಿಗೆಯ ವಿಷಯದಲ್ಲೂ ಇದೇ ಕಥೆ. ಕೂಸು ಎರಡನೇ ತಿಂಗಳ ಸುಮಾರಿಗೆ ಮುಖ ನೋಡಿ ನಗುತ್ತದೆ, ನಾಲ್ಕರ ಹೊತ್ತಿಗೆ ಕತ್ತು ನಿಲ್ಲುತ್ತದೆ, ಆರರಿಂದ ಎಂಟರಲ್ಲಿ ಕೂರುತ್ತದೆ, ಒಂದರಿಂದ ಒಂದೂವರೆ ವರ್ಷದೊಳಗೆ ನಡೆಯುತ್ತದೆ. ಎರಡು ವಾರ ಹಿಂದುಮುಂದಾದರೆ ಪಕ್ಕದ ಮನೆಯ ಕೂಸಿಗೆ ಹೋಲಿಸಿ, "ನಿಮ್ಮ ಕಡೆಯವರಲ್ಲಿ ಯಾರಾದರೂ ಹೀಗಿದ್ದರಾ?" ಎಂದು ಸೊಸೆಯನ್ನು ಕೇಳುತ್ತಾರೆ. ನಿಜವಾಗಿ ತಡವಾದರೆ ತೋರಿಸಲು ಆಶಾ ಕಾರ್ಯಕರ್ತೆ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಅವರು ಮನೆಗೆ ಬರಬೇಕು. ಆಮೇಲೆ 3, 6, 9, 12, 15ನೇ ತಿಂಗಳಲ್ಲೂ. ಬರದಿದ್ದರೆ ಕೇಳಿ. ಬಂದಾಗ ಗಂಡನನ್ನೂ ಕೂರಿಸಿ. ಬಾಣಂತಿ ಎರಡು ವಾರಕ್ಕೂ ಹೆಚ್ಚು ಅಳುತ್ತಲೇ ಇದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬರದಿದ್ದರೆ, ಸಾಯುವ ಮಾತಾಡಿದರೆ, ಸನ್ನಿ ಎಂದು ಮಂತ್ರ ಹಾಕಿಸಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ, 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಹೊಡೆತ ಬಿದ್ದರೆ 181 ಅಥವಾ 112. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೂರು ಕೊಡಲು ತಾಲ್ಲೂಕಿನ ಸಿಡಿಪಿಓ ಕಚೇರಿಗೆ ಹೋಗಬಹುದು.

ಹೊಸದುರ್ಗದ ಆ ಸಂಘದಲ್ಲಿ ಚರ್ಚೆಯಾಯಿತು. ತೊಟ್ಟಿಲಿನ ಒಡವೆಗೆ ಸಾಲವಿಲ್ಲ, ಬಾಣಂತಿಯ ಔಷಧಿಗೆ, ಊಟಕ್ಕೆ ಉಂಟು ಎಂದು ಬರೆದರು. ಹಿರಿಯ ಅಕ್ಕ ಒಬ್ಬರು ಒಪ್ಪಲಿಲ್ಲ. "ನೀವು ಕೊಡದಿದ್ರೆ ಫೈನಾನ್ಸ್‌ನವನ ಹತ್ರ ತರ್ತೀನಿ. ಬರಿಗೈಲಿ ಕಳಿಸಿದ್ರೆ ನನ್ನ ಮಗಳನ್ನ ಅವರು ಹೆಂಗೆ ನೋಡ್ತಾರೆ ನಿಮಗೇನು ಗೊತ್ತು?" ನನ್ನ ಬಳಿ ಉತ್ತರವಿರಲಿಲ್ಲ. ಒಬ್ಬಳು ಬರಿಗೈಲಿ ಕಳಿಸಿದರೆ ಅವಳ ಮಗಳಿಗೆ ಪೆಟ್ಟು. ಇಡೀ ಹೋಬಳಿಯ ಸಂಘಗಳು ಒಟ್ಟಿಗೆ ನಿಂತರೆ ಆ ಬೀಗರು ಯಾರನ್ನು ಕೇಳುತ್ತಾರೆ? ಆ ಮಾತು ಮುಂದಿನ ಒಕ್ಕೂಟದ ಸಭೆಗೆ ಹೋಗಿದೆ.

ಹೊಳಲ್ಕೆರೆಯ ಹುಡುಗಿ ದೂರು ಕೊಟ್ಟು ತವರಿನಲ್ಲೇ ಇದ್ದಾಳೆ. ಕೂಸಿಗೆ ಒಂಬತ್ತು ತಿಂಗಳು ತುಂಬಿದಾಗ ಗಂಡ ನೋಡಲು ಬಂದ. ಎತ್ತಿಕೊಂಡ ಕೂಡಲೇ ಕೂಸು ಕಿರುಚಿತು. "ನನ್ನ ಮೇಲೆ ಎತ್ತಿಕಟ್ಟಿದ್ದೀರಿ" ಎಂದು ರೇಗಿದ. ಆಶಾ ಅಲ್ಲೇ ಇದ್ದಳು. ಈ ವಯಸ್ಸಿನ ಕೂಸು ಗುರುತಿಲ್ಲದ ಮುಖ ಕಂಡರೆ ಅಳುತ್ತೆ ಅಣ್ಣ, ಎತ್ತಿಕೊಳ್ಳಬೇಡಿ, ದೂರ ಕೂತು ಮಾತಾಡ್ತಾ ಇರಿ, ಎಂದಳು. ಅವನು ಅಂಗಳದಲ್ಲಿ ಚಾಪೆಯ ಮೇಲೆ ಅರ್ಧ ಗಂಟೆ ಕೂತಿದ್ದ. ಏನು ಮಾತಾಡಬೇಕೆಂದು ಅವನಿಗೆ ತಿಳಿಯಲಿಲ್ಲವಂತೆ.