"ಚೆನ್ನಾಗೇ ಇವ್ನಿ, ಸೂಜಿ ಯಾಕೆ ಮಿಸ್?"

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಶಾಲೆಗಳಿಗೆ ಆರೋಗ್ಯ ಇಲಾಖೆಯವರು ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆ ಹಾಕಲು ಬಂದಾಗ ಮಕ್ಕಳು ಕೇಳುವುದು ಎರಡೇ ಪ್ರಶ್ನೆ. ಒಂದು, ನೋಯುತ್ತದಾ? ಇನ್ನೊಂದು, "ನಾನು ಚೆನ್ನಾಗೇ ಇವ್ನಿ, ಸೂಜಿ ಯಾಕೆ ಮಿಸ್?" ಮೊದಲನೆಯದಕ್ಕೆ ಎಲ್ಲರೂ ಸಮಾಧಾನ ಹೇಳುತ್ತಾರೆ. ಎರಡನೆಯದನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ರೋಗನಿರೋಧಕತೆಯ ಇಡೀ ಪಾಠ ಅಡಗಿರುವುದು ಅದರಲ್ಲೇ.

ಈ ವಿಷಯ ವಿಸ್ತಾರವಾಗಿ ಬರುವುದು ದ್ವಿತೀಯ ಪಿಯುಸಿ ಜೀವವಿಜ್ಞಾನದಲ್ಲಿ. ಕಲಾ ವಿಭಾಗಕ್ಕೋ ಐಟಿಐಗೋ ಹೋದವರಿಗೆ ಆ ಅಧ್ಯಾಯ ಸಿಗುವುದೇ ಇಲ್ಲ. ಲಸಿಕೆಯಾದರೋ ಹತ್ತನೇ ಮತ್ತು ಹದಿನಾರನೇ ವಯಸ್ಸಿಗೆ ಎಲ್ಲರ ತೋಳಿಗೂ ಬೀಳುತ್ತದೆ. ಸೂಜಿ ಮೊದಲು, ಅರಿವು ಆಮೇಲೆ, ಅದೂ ಕೆಲವರಿಗೆ ಮಾತ್ರ. ಈ ಕ್ರಮ ತಿರುಗಬೇಕು.

ಪಾಠಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕಬ್ಬು ಕಡಿದ ಗದ್ದೆಯಲ್ಲಿ ಹುಡುಗನೊಬ್ಬನ ಅಂಗಾಲಿಗೆ ಕೂಳೆ ಚುಚ್ಚಿತು ಎನ್ನೋಣ. ಚರ್ಮ ನಮ್ಮ ಮೊದಲ ತಡೆ. ಅದು ಹರಿದ ಕೂಡಲೇ ಮಣ್ಣಿನ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತವೆ. ಕೆಲವೇ ಗಂಟೆಗಳಲ್ಲಿ ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದೆ. ಅಲ್ಲಿನ ರಕ್ತನಾಳಗಳು ಹಿಗ್ಗಿ, ಬಿಳಿ ರಕ್ತಕಣಗಳು ಹೊರಬಂದು ಸಿಕ್ಕಿದ ಸೂಕ್ಷ್ಮಾಣುಗಳನ್ನೆಲ್ಲ ನುಂಗತೊಡಗುತ್ತವೆ. ನುಂಗಿ ಸತ್ತ ಕಣಗಳ ರಾಶಿಯೇ ಕೀವು. ಎರಡು ದಿನಕ್ಕೆ ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟಿದೆ ಎಂದು ಹುಡುಗ ಕುಂಟುತ್ತಾನೆ. ಅದು ದುಗ್ಧಗ್ರಂಥಿ. ಗಾಯದಿಂದ ಬಂದ ಸೂಕ್ಷ್ಮಾಣುವಿನ ಚೂರುಗಳನ್ನು ಅಲ್ಲಿ ಟಿ ಕೋಶ, ಬಿ ಕೋಶಗಳೆಂಬ ಬಿಳಿ ರಕ್ತಕಣಗಳು ಪರೀಕ್ಷಿಸುತ್ತವೆ. ಗುರುತಿಗೆ ಸರಿಹೊಂದುವ ಕೋಶ ಸಿಕ್ಕರೆ ಅದೊಂದೇ ಸಾವಿರಾರಾಗಿ ಹೆಚ್ಚುತ್ತದೆ. ಊದುವುದು ಅದಕ್ಕೇ. ಅಂದರೆ ಊತ, ಕೀವು, ಜ್ವರ ಇವೆಲ್ಲ ಬಹುಮಟ್ಟಿಗೆ ದೇಹ ಕೆಲಸ ಮಾಡುತ್ತಿರುವುದರ ಗುರುತುಗಳು.

ಬಿ ಕೋಶಗಳು ತಯಾರಿಸುವ ಪ್ರತಿಕಾಯಗಳು ಆ ಒಂದು ಸೂಕ್ಷ್ಮಾಣುವಿಗೇ ಅಂಟುತ್ತವೆ. ಮೊದಲ ಸಲ ಅವು ಸಾಕಷ್ಟು ಪ್ರಮಾಣದಲ್ಲಿ ಸಿದ್ಧವಾಗಲು ವಾರ, ಹತ್ತು ದಿನ ಬೇಕು. ಕಾಯಿಲೆ ಬಲಿಯುವುದು ಆ ಅವಧಿಯಲ್ಲೇ. ಗೆದ್ದ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ, ಕೆಲವು ಮಾತ್ರ ನೆನಪಿನ ಕೋಶಗಳಾಗಿ ಉಳಿಯುತ್ತವೆ. ಸಂತೆಯಲ್ಲಿ ಒಮ್ಮೆ ಖೋಟಾ ನೋಟು ಕೊಟ್ಟು ಹೋದವನ ಮುಖವನ್ನು ಅಂಗಡಿಯವನು ಮರೆಯದ ಹಾಗೆ, ಅವು ಅದೇ ಸೂಕ್ಷ್ಮಾಣು ಮತ್ತೆ ಬಂದರೆ ಕೂಡಲೇ ಗುರುತು ಹಿಡಿದು, ಕಾಯಿಲೆ ಬಲಿಯುವ ಮೊದಲೇ ಮುಗಿಸುತ್ತವೆ. ಲಸಿಕೆ ಮಾಡುವುದು ಇಷ್ಟೇ: ಕಾಯಿಲೆ ಬರಿಸದೆ ನೆನಪನ್ನು ಮಾತ್ರ ಮೂಡಿಸುವುದು. ಚೆನ್ನಾಗಿರುವಾಗಲೇ ಸೂಜಿ ಯಾಕೆ ಎಂಬುದಕ್ಕೆ ಉತ್ತರವೂ ಇದೇ. ಧನುರ್ವಾಯು ಹಿಡಿದ ಮೇಲೆ ವಾರಗಟ್ಟಲೆ ಕಾಯಲು ದೇಹಕ್ಕೆ ಪುರುಸೊತ್ತಿಲ್ಲ.

ಈ ವಿದ್ಯೆ ಮೈಸೂರು ಸೀಮೆಗೆ ಹೊಸದಲ್ಲ. ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕಿದ್ದು 1796ರಲ್ಲಿ. 1802ರ ಜೂನ್‌ನಲ್ಲಿ ಅದು ಮುಂಬೈ ಮುಟ್ಟಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ಮೈಸೂರು ಅರಮನೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಇತಿಹಾಸಕಾರರ ವಿವರಣೆ. ಮಳವಳ್ಳಿಯ ದಂಡಿನ ಮಾರಮ್ಮನಿಗೂ ಮದ್ದೂರಿನ ಮದ್ದೂರಮ್ಮನಿಗೂ ಹರಕೆ ಹೊರುತ್ತಿದ್ದ ಕಾಲದ ಸಿಡುಬು ಭಾರತದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಹೋಗಲು ಒಂದು ಮುಖ್ಯ ಕಾರಣ, ಆ ವೈರಾಣುವಿಗೆ ಮನುಷ್ಯನ ಮೈ ಬಿಟ್ಟು ಬೇರೆ ನೆಲೆ ಇರಲಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ದಾರಿ ಕಡಿದರೆ ಸಾಕಿತ್ತು.

ದಡಾರಕ್ಕೂ ಇದೇ ಲೆಕ್ಕ. ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಲಸಿಕೆಯಾದರೆ ಉಳಿದ ಐವರಿಗೂ ಅದು ತಲುಪುವುದು ಕಷ್ಟ. ಪಕ್ಕದ ಮನೆಯ ಮಗುವಿನ ಲಸಿಕೆ ನಮ್ಮ ಮಗುವನ್ನೂ ಕಾಯುತ್ತದೆ. ಆದರೆ ನಮ್ಮ ಜಿಲ್ಲೆಯ ಮಕ್ಕಳು ಅಗತ್ಯವಾಗಿ ತಿಳಿಯಬೇಕಾದ ಎರಡು ಕಾಯಿಲೆಗಳಿಗೆ ಈ ನಿಯಮ ಹೊಂದುವುದಿಲ್ಲ.

ಒಂದು ಧನುರ್ವಾಯು. ಅದರ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲಿ, ತಿಪ್ಪೆಯಲ್ಲಿ ಬೀಜಾಣುಗಳಾಗಿ ವರ್ಷಗಟ್ಟಲೆ ಬದುಕಿರುತ್ತದೆ. ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅದರ ವಿಷ ಎಷ್ಟು ಉಗ್ರವೆಂದರೆ, ಪ್ರಾಣ ತೆಗೆಯಲು ಸಾಕಾಗುವಷ್ಟು ಕೂಡ ನೆನಪು ಮೂಡಿಸಲು ಸಾಲದು. ಹಾಗಾಗಿ ಒಮ್ಮೆ ಬಂದು ವಾಸಿಯಾದವರಿಗೂ ಲಸಿಕೆ ಬೇಕೇಬೇಕು. ಗರ್ಭಿಣಿಯರಿಗೆ ಲಸಿಕೆ ಕೊಟ್ಟು, ತಾಯಿಯ ಪ್ರತಿಕಾಯ ಮಾಸಿನ ಮೂಲಕ ಕೂಸಿಗೆ ದಾಟುವಂತೆ ಮಾಡಿದ್ದು, ಹೆರಿಗೆಯಲ್ಲಿ ಶುಚಿತ್ವ ತಂದದ್ದು, ಇವುಗಳಿಂದ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿತು. ಬೀಜಾಣು ಮಾತ್ರ ಗದ್ದೆಯಲ್ಲೇ ಇದೆ.

ಇನ್ನೊಂದು ಮಿದುಳು ಜ್ವರ, ಜಪಾನೀಸ್ ಎನ್‌ಸೆಫಲೈಟಿಸ್. ಮಂಡ್ಯ ಜಿಲ್ಲೆಯಲ್ಲಿ ಇದರ ವೈರಾಣು ಹೊರುವ ಸೊಳ್ಳೆಗಳ ಬಗ್ಗೆ 1994ರಲ್ಲೇ ಸಂಶೋಧನಾ ಪ್ರಬಂಧ ಪ್ರಕಟವಾಗಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ಭತ್ತದ ಗದ್ದೆಗಳಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ವೈರಾಣು ಇರುವುದು ಬೆಳ್ಳಕ್ಕಿ, ಬಕಗಳಂಥ ಹಕ್ಕಿಗಳಲ್ಲಿ. ಹೆಚ್ಚಾಗಿ ವೃದ್ಧಿಯಾಗುವುದು ಹಂದಿಗಳಲ್ಲಿ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಆ ಗುಂಪಿನವಲ್ಲ, ಅವುಗಳನ್ನು ದೂರಬೇಕಿಲ್ಲ. ಮನುಷ್ಯನ ರಕ್ತದಲ್ಲಿ ಈ ವೈರಾಣು ಸೊಳ್ಳೆಗೆ ಮರಳಿ ಹತ್ತುವಷ್ಟು ಇರುವುದಿಲ್ಲ. ಆದ್ದರಿಂದ ಊರಿನ ಎಲ್ಲ ಮಕ್ಕಳಿಗೆ ಲಸಿಕೆ ಹಾಕಿ ಒಬ್ಬನನ್ನು ಬಿಟ್ಟರೂ ಆ ಒಬ್ಬನಿಗೆ ಇರುವ ಅಪಾಯ ಎಳ್ಳಷ್ಟೂ ಕಡಿಮೆಯಾಗದು. ಸೋಂಕು ತಗುಲಿದವರಲ್ಲಿ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ ನಿಜ. ಆದರೆ ಮಿದುಳಿಗೆ ಹತ್ತಿದರೆ ನೂರರಲ್ಲಿ ಮೂವತ್ತರವರೆಗೆ ಸಾವು, ಬದುಕಿದ ಹಲವರಿಗೆ ಜೀವನವಿಡೀ ಊನ. ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಮ್ಮೆ ಕೊಡುವ ಲಸಿಕೆಯೇ ಗಟ್ಟಿ ರಕ್ಷಣೆ.

ಇಷ್ಟು ತಿಳಿದ ವಿದ್ಯಾರ್ಥಿಗೆ ಜಾಹೀರಾತಿನ ಮಾತು ಸಲೀಸಾಗಿ ಹಿಡಿಸುವುದಿಲ್ಲ. ಕೋವಿಡ್ ಕಾಲದಿಂದ ಪುಡಿ, ಪಾನಕ, ಬಿಸ್ಕತ್ತು ಎಲ್ಲವೂ ಇಮ್ಯುನಿಟಿ ಹೆಚ್ಚಿಸುತ್ತವಂತೆ. ಮುದ್ದೆ, ಸೊಪ್ಪು, ಬಿಸಿಯೂಟದ ಮೊಟ್ಟೆ, ನಿದ್ದೆ ಇವು ಬೇಕು. ಅಪೌಷ್ಟಿಕತೆಯಿಂದ ರೋಗನಿರೋಧಕ ವ್ಯವಸ್ಥೆ ಸೊರಗುತ್ತದೆ. ಆದರೆ ಯಾವ ಕಷಾಯವೂ ಧನುರ್ವಾಯುವಿನ ವಿಷವನ್ನು ಗುರುತಿಸಲು ದೇಹಕ್ಕೆ ಕಲಿಸಲಾರದು. ಪ್ರತಿಕಾಯ ಜಾಸ್ತಿಯಾದಷ್ಟೂ ಒಳ್ಳೆಯದು ಎನ್ನುವುದೂ ತಪ್ಪು. ಡೆಂಗಿ ಎರಡನೇ ಸಲ ಬೇರೆ ತಳಿಯಿಂದ ಬಂದಾಗ, ಹಳೆಯ ಪ್ರತಿಕಾಯಗಳೇ ವೈರಾಣುವಿಗೆ ಕೋಶದೊಳಗೆ ದಾರಿಮಾಡಿಕೊಟ್ಟು ಕಾಯಿಲೆ ಬಿಗಡಾಯಿಸಬಹುದು.

2017ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಅಭಿಯಾನ ರಾಜ್ಯದ ಶಾಲೆಗಳಲ್ಲಿ ನಡೆದಾಗ ವಾಟ್ಸಾಪ್‌ನಲ್ಲಿ ವದಂತಿಗಳು ಹರಿದಾಡಿದವು. ಮಗುವಿನ ಪ್ರಶ್ನೆಗೆ ಶಾಲೆ ಉತ್ತರ ಕೊಡದಿದ್ದರೆ ಮೊಬೈಲ್ ಕೊಡುತ್ತದೆ.

ಆದ್ದರಿಂದ ಮೇಷ್ಟ್ರುಗಳಲ್ಲಿ, ಮಿಸ್‌ಗಳಲ್ಲಿ ಒಂದು ಕೋರಿಕೆ. ಲಸಿಕೆಯ ಹಿಂದಿನ ದಿನ ಒಂದು ಪೀರಿಯಡ್ ಇದಕ್ಕೆ ಕೊಡಿ. ಮಕ್ಕಳಿಗೆ ಮನೆಯಿಂದ ತಾಯಿ ಕಾರ್ಡ್ ತರಲು ಹೇಳಿ. ಯಾವ ತಿಂಗಳಲ್ಲಿ ಯಾವ ಲಸಿಕೆ, ಅದು ಯಾವ ಕಾಯಿಲೆಗೆ, ಆ ಕಾಯಿಲೆ ಇರುವುದು ಮನುಷ್ಯನಲ್ಲೋ ಮಣ್ಣಿನಲ್ಲೋ ಹಕ್ಕಿಯಲ್ಲೋ ಎಂದು ಅವರೇ ಪಟ್ಟಿ ಮಾಡಲಿ. ಹತ್ತನೇ ತರಗತಿಗೆ ಮೊದಲೇ ಶಾಲೆ ಬಿಟ್ಟ ಮಕ್ಕಳಿರುವ ಮನೆಯವರು ಗಮನಿಸಬೇಕು: ಹದಿನಾರರ ಟಿಡಿ ಶಾಲೆಗಷ್ಟೇ ಸೀಮಿತವಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ಉಚಿತವಾಗಿ ಹಾಕುತ್ತಾರೆ.