ಪಿಜ್ಜಾ ಬೇಕು, ಕಾಡುಹಂದಿ ಬೇಡ

1/5
ನೋಡ್ರಪ್ಪಾ, ನೇರವಾಗಿ ಹೇಳ್ಬಿಡ್ತೀನಿ. "ಕಾಡುಹಂದಿ ಪಿಜ್ಜಾ ಮಾಡಿ ತೋರ್ಸು" ಅಂತ ಮೆಸೇಜ್ ಹಾಕೋದು ನಿಲ್ಸಿ. ಇಟಲಿಯ ಟಸ್ಕನಿ ಕಡೆ ಕಟ್ಟಿಗೆ ಒಲೆ ಮುಂದೆ ಕೂತು ಕಾಡುಹಂದಿ ಮಾಂಸ ಹಾಕಿ ಪಿಜ್ಜಾ ಸುಡೋ ರೀಲ್ ನಿಮಗೂ ಬಂದಿದೆ, ನನಗೂ ಬಂದಿದೆ. ಬಾಯಲ್ಲಿ ನೀರೂರುತ್ತೆ, ಸುಳ್ಳಲ್ಲ. ಆದ್ರೆ ಅಲ್ಲಿ ಬೇಟೆಗೆ ಲೈಸೆನ್ಸ್ ಇದೆ, ಸೀಸನ್ ಇದೆ. ಮಾರ್ಕೆಟ್‌ಗೆ ಬರೋ ಕಾಡುಹಂದಿ ಮಾಂಸಕ್ಕೆ ಟ್ರೈಕಿನೆಲ್ಲಾ ಅನ್ನೋ ಹುಳದ ಪರೀಕ್ಷೆ ಕಡ್ಡಾಯ. ಅವರ ರೀಲ್ ಕಾಪಿ ಮಾಡಬಹುದು, ಅವರ ಕಾನೂನು ಕಾಪಿ ಆಗಲ್ಲ.

2/5
ನಮ್ಮಲ್ಲಿ ಇರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕಾಡುಹಂದಿ, ಜಿಂಕೆ, ಕಡವೆ ಮೂರೂ ಅದರ ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಆದ್ಮೇಲೆ ಸಾಮಾನ್ಯ ತಪ್ಪಿಗೇ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಮೊದಲನೇ ಪಟ್ಟಿಯ ಪ್ರಾಣಿ ಆದ್ರೆ ಜೈಲು ಕನಿಷ್ಠ 3 ವರ್ಷ, 7ರವರೆಗೂ ಹೋಗುತ್ತೆ. ಗುಂಡು ಹೊಡೆದವನು ಮಾತ್ರ ಸಿಕ್ಕಿಬೀಳ್ತಾನೆ ಅನ್ಕೋಬೇಡಿ, ಮಾಂಸ ಇಟ್ಕೊಂಡವರೂ ಸಿಕ್ಕಿಬೀಳ್ತಾರೆ. ಬೆಳೆ ಹಾಳು ಮಾಡೋ ಹಂದಿನ ಅನುಮತಿ ತಗೊಂಡು ಹೊಡೆದ್ರೂ ಅದು ಸರ್ಕಾರದ ಸ್ವತ್ತು. 39ನೇ ಸೆಕ್ಷನ್ ಓದ್ಕೊಳ್ಳಿ. ಇದರ ಮೇಲೆ ರೀಲ್ ಬೇರೆ ಹಾಕಿದ್ರೆ, ಸಾಕ್ಷಿನೂ ನೀವೇ ಕೊಟ್ಟ ಹಾಗೆ.

3/5
"ನಮ್ಮಜ್ಜ ತಿಂತಿದ್ರು ಕಣೋ" ಅಂತೀರಿ. ಸರಿ, ತಿಂತಿದ್ರು. ಅಜ್ಜನ ಕಾಲದ ಕಾಡು ಈಗೆಲ್ಲಿದೆ? ಒಂದು ಹುಲಿ ಬದುಕೋಕೆ ವರ್ಷಕ್ಕೆ ಸುಮಾರು 50 ಜಿಂಕೆ ಗಾತ್ರದ ಪ್ರಾಣಿ ಬೇಕು. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದೂ ಅದನ್ನೇ: ಬಲಿಪ್ರಾಣಿ ಇದ್ರೆ ಹುಲಿ. ಹಂದಿಗೆ ಅಂತ ಹಾಕಿದ ಉರುಳಿಗೆ ಚಿರತೆ ಬೀಳುತ್ತೆ, ಹುಲಿನೂ ಬೀಳುತ್ತೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆ ಬಾಯಿ ಛಿದ್ರ ಆಗಿ, ಹೊಳೆಯಲ್ಲಿ ನಿಂತೇ ಸತ್ತಿದ್ದು ನೆನಪಿದ್ಯಾ? ಅದು ಕಚ್ಚಿದ್ದು ಹಂದಿಗೆ ಇಡೋ ಥರದ ಸ್ಫೋಟಕ.

ರೈತರ ನೋವು ಸುಳ್ಳಾ? ಖಂಡಿತ ಅಲ್ಲ. ಒಂದೇ ರಾತ್ರಿಗೆ ಗದ್ದೆ ಮಲಗಿಸಿ ಹೋದ ಹಂದಿ ಹಿಂಡನ್ನ ಯಾರೂ ಪ್ರೀತಿಸಲ್ಲ. ಅವರ ಜೊತೆ ನಿಂತು ಪರಿಹಾರ ಕೇಳೋಣ, ಬೇಲಿ ಕೇಳೋಣ. ಆದ್ರೆ ವೀಕೆಂಡ್‌ನಲ್ಲಿ ಹೋಮ್‌ಸ್ಟೇಗೆ ಹೋಗಿ "ಸ್ಪೆಷಲ್ ಏನಾದ್ರೂ ಇದ್ಯಾ ಅಣ್ಣಾ" ಅಂತ ಪಿಸುಗುಡೋ ನೀವು ರೈತರಲ್ಲ. ನೀವು ಗಿರಾಕಿ. ಗಿರಾಕಿ ಇರೋವರೆಗೂ ಉರುಳು ಇರುತ್ತೆ.

4/5
ಇನ್ನೊಂದು ಯೋಚ್ನೆ ಮಾಡಿ. "ಇದು ಕಾಡಿಂದು" ಅಂತ ಕದ್ದು ಬಡಿಸೋನು ನಿಜ ಹೇಳ್ತಿದ್ರೆ ಅದು ಅಪರಾಧ. ಸುಳ್ಳು ಹೇಳ್ತಿದ್ರೆ ಸಾಕಿದ ಹಂದಿಗೆ ನೀವು ಡಬಲ್ ದುಡ್ಡು ಕೊಟ್ಟಿದ್ದೀರಿ. ಎರಡರಲ್ಲೂ ನೀವೇ ಮಂಗ. "ಕಾಡಿಂದು ಅಂದ್ರೆ ಆರ್ಗ್ಯಾನಿಕ್" ಅನ್ನೋರಿಗೂ ಒಂದು ಮಾತು: ಆ ಮಾಂಸನ ಯಾವ ವೈದ್ಯರೂ ನೋಡಿರಲ್ಲ. ಒಳಗೆ ಸೀಸದ ಚೂರು ಇರಬಹುದು, ಹುಳ ಇರಬಹುದು. 71 ಡಿಗ್ರಿವರೆಗೆ ಬೆಂದ್ರೆ ಹುಳ ಸಾಯುತ್ತೆ, ಸೀಸ ಹೋಗಲ್ಲ.

5/5
ಹಾಗಾದ್ರೆ ಹಳ್ಳಿ ಸ್ಟೈಲ್ ಪಿಜ್ಜಾ ಬೇಡ್ವಾ? ಬೇಕು! ಮೈದಾ 200 ಗ್ರಾಂ, ರಾಗಿ ಹಿಟ್ಟು 50 ಗ್ರಾಂ, ನೀರು 160 ಎಂಎಲ್, ಒಂದು ಟೀ ಚಮಚ ಉಪ್ಪು, ಅರ್ಧ ಚಮಚ ಯೀಸ್ಟ್. ಚೆನ್ನಾಗಿ ನಾದಿ, ಉಬ್ಬೋವರೆಗೂ ಮುಚ್ಚಿಡಿ. ಅಂಗಡಿಯಿಂದ ತಂದ ಸಾಕಿದ ಹಂದಿ ಮಾಂಸನ ಕಾಳುಮೆಣಸು, ಕೊತ್ತಂಬರಿ, ಜೀರಿಗೆ ಹುರಿದು ಹಾಕಿ, ಕೊಡಗಿನ ಪಂದಿ ಕರಿ ಥರ ಪೂರ್ತಿ ಬೇಯಿಸಿ. ಕೊನೆಗೆ ಕಾಚಂಪುಳಿ ಬಿಟ್ಟು, ನೀರೆಲ್ಲ ಆರೋವರೆಗೂ ಹುರೀರಿ. ರೊಟ್ಟಿ ಹೆಂಚು ಕಾಯಿಸಿ ಒಂದು ಕಡೆ ಸುಟ್ಟು, ತಿರುವಿ, ಮೇಲೆ ಟೊಮ್ಯಾಟೊ ಗೊಜ್ಜು, ಮಾಂಸ, ಚೀಸ್ ಹಾಕಿ, ಸಣ್ಣ ಉರಿಯಲ್ಲಿ ಚೀಸ್ ಕರಗೋವರೆಗೂ ಮುಚ್ಚಿ. ಮಾಂಸ ತಿನ್ನದೋರು ಅಣಬೆಗೆ ಇದೇ ಮಸಾಲೆ ಹಾಕಿ.

ಆ ರುಚಿ ಬರೋದು ಮೆಣಸಿಂದ, ಹುಳಿಯಿಂದ, ಉರಿಯಿಂದ. ಅದಕ್ಕೆ ಕಾಡಿನ ಪ್ರಾಣಿ ಸಾಯಬೇಕಿಲ್ಲ. ಮುಂದಿನ ಟ್ರಿಪ್‌ನಲ್ಲಿ ಯಾರಾದ್ರೂ "ಸ್ಪೆಷಲ್" ಮಾತು ಎತ್ತಿದ್ರೆ, "ಬೇಡ ಕಣ್ರೋ" ಅನ್ನೋ ಒಬ್ಬರು ಗುಂಪಲ್ಲಿ ಇರಲಿ. ಆ ಒಬ್ಬರು ನೀವೇ ಆಗಿ.

ಸೇವ್ ಮಾಡ್ಕೊಳ್ಳಿ, ಆ ಫ್ರೆಂಡ್‌ಗೆ ಟ್ಯಾಗ್ ಮಾಡಿ. ಯಾರು ಅಂತ ನಿಮಗೇ ಗೊತ್ತು 😄

#ಹೆಂಚಿನಪಿಜ್ಜಾ #ಕಾಡುಕಾಡಲ್ಲೇಇರಲಿ